ವಕೀಲರ ಮನೆಯಲ್ಲಿ ಮಾತು ಬಿಟ್ಟವರು

ನನ್ನ ಬಾಯಿ ಸ್ವಲ್ಪ ಜೋರು. ನನ್ನ ಗಂಡ ಬದುಕಿದ್ದಷ್ಟು ದಿನವೂ ಮನೆಗೆ ಬಂದವರ ಮುಂದೆಲ್ಲ ಇದನ್ನು ಹೇಳಿಕೊಂಡು ನಗುತ್ತಿದ್ದರು. ಈಗ ಸೊಸೆ ಹೇಳುತ್ತಾಳೆ, ಅವಳು ನನ್ನ ಬೆನ್ನ ಹಿಂದೆ. ಯಾರ ಮೇಲಾದರೂ ಸಿಟ್ಟು ಬಂದರೆ ನಾನು ಅಲ್ಲೇ ಆಡಿ ಮುಗಿಸುತ್ತೇನೆ. ಯಾರಿಂದಾದರೂ ಏನಾದರೂ ಬೇಕಿದ್ದರೆ ಬಾಯಿಬಿಟ್ಟು ಕೇಳುತ್ತೇನೆ, ಕೊಡದಿದ್ದರೆ ಬೈದುಕೊಂಡು ಬರುತ್ತೇನೆ. ಹುಟ್ಟುವಾಗಲೇ ಇವಳು ಹೀಗಿದ್ದಳು ಎಂದು ನನ್ನ ತಂಗಿ ವಾದ ಮಾಡುತ್ತಾಳೆ. ಅವಳಿಗೇನು ಗೊತ್ತು? ಅವಳು ಆ ಮನೆಯಲ್ಲಿ ಬೆಳೆದವಳಲ್ಲ. ನಾನು ಹೀಗಾದದ್ದು ಸರಸ್ವತಿಪುರಂನ ತಾತನ ಮನೆಯಲ್ಲಿ, ಇಬ್ಬರು ಮುದುಕರ ಮಧ್ಯೆ ನಿಂತು ಅವರ ಮಾತನ್ನು ಅತ್ತಿಂದಿತ್ತ ಹೊತ್ತು ಸಾಕಾಗಿ.

ಅಪ್ಪನಿಗೆ ಕಟ್ಟೆ ಕಾಲುವೆಗಳ ಕೆಲಸ. ವರ್ಷ ತುಂಬುವುದರೊಳಗೆ ಊರು ಬದಲಾಯಿಸಬೇಕಾಗುತ್ತಿತ್ತು. ಹುಡುಗಿಯ ಓದು ಕೆಡುತ್ತದೆ ಎಂದು ನನ್ನನ್ನು ಮೈಸೂರಿನಲ್ಲಿ ತಾತ ಅಜ್ಜಿಯ ಹತ್ತಿರ ಬಿಟ್ಟರು. ತಾತ ಆ ಹೊತ್ತಿಗೆ ವಕೀಲಿಕೆ ನಿಲ್ಲಿಸಿದ್ದರು. ಗೂರಲು ಹಿಡಿದು, ವಾದ ಮಾಡುತ್ತಿದ್ದವರಿಗೆ ಅರ್ಧದಲ್ಲೇ ಉಸಿರು ಸಿಕ್ಕಿಕೊಂಡು, ಜಡ್ಜ್ ಸಾಹೇಬರೇ "ಕೂತುಕೊಳ್ಳಿ ಗೌಡರೇ" ಎಂದರಂತೆ. ಅವತ್ತು ಮನೆಗೆ ಬಂದು ಗೂಟಕ್ಕೆ ಹಾಕಿದ ಕರಿ ಕೋಟನ್ನು ಮತ್ತೆ ತೆಗೆಯಲಿಲ್ಲ. ಮನೆಯ ಮುಂದೆ ಉದ್ದಕ್ಕೂ ಕೆಂಪು ನೆಲದ ಜಗಲಿ, ಎಡಗಡೆ ಆಫೀಸ್ ರೂಮು, ಆಮೇಲೆ ನಡುಮನೆ, ಅದರ ಹಿಂದೆ ಹೊಗೆ ಹಿಡಿದ ಅಡುಗೆಮನೆ. ಹಿತ್ತಲಲ್ಲಿ ನಿಂತರೆ ಚಾಮರಾಜನಗರದ ರೈಲು ಕೂಗುವುದು ಕೇಳಿಸುತ್ತಿತ್ತು. ವಕೀಲಿಕೆ ನಡೆಯುತ್ತಿದ್ದ ಕಾಲದಲ್ಲಿ ಹಳ್ಳಿಗಳಿಂದ ಕೇಸಿನವರು ಹಿಂದಿನ ದಿನವೇ ಬಂದು ಅದೇ ಜಗಲಿಯ ಮೇಲೆ ಮಲಗುತ್ತಿದ್ದರಂತೆ. ತಾತನ ಕಕ್ಷಿಗಾರರಷ್ಟೇ ಅಲ್ಲ, ಎದುರು ಪಾರ್ಟಿಯವರೂ. ಒಂದೇ ಊರಿನವರು, ಒಂದೇ ಬಸ್ಸಿಗೆ ಬಂದವರು, ಮೈಸೂರಿನಲ್ಲಿ ಅವರಿಗೆ ಬೇರೆ ಯಾರ ಮನೆ ಗೊತ್ತಿತ್ತು? ಅಜ್ಜಿ ಇಬ್ಬರನ್ನೂ ಒಂದೇ ಸಾಲಿನಲ್ಲಿ ಕೂರಿಸಿ ಮುದ್ದೆ ಇಕ್ಕುತ್ತಿದ್ದಳು. ತಾತ ಕೋರ್ಟು ಬಿಟ್ಟ ಮೇಲೆ ಯಾರೂ ಬರದಿದ್ದರೂ ಅವಳ ಕೈಯಳತೆ ಮಾತ್ರ ಕಡಿಮೆಯಾಗಲಿಲ್ಲ. ಮಿಕ್ಕ ಬಸ್ಸಾರನ್ನು ಮಾರನೆಯ ದಿನ ನಾವೇ ತಿನ್ನುತ್ತಿದ್ದೆವು, ಅದೇನು ರುಚಿ ಅಂತೀರಿ!

ತಾತ ಕೋರ್ಟು ಬಿಟ್ಟರೂ ಕೋರ್ಟಿನ ಚಾಳಿ ಬಿಟ್ಟಿರಲಿಲ್ಲ. ನನಗೂ ಪಕ್ಕದ ಮನೆ ಹುಡುಗಿಗೂ ಜಗಳವಾದರೆ ಇಬ್ಬರನ್ನೂ ಆಫೀಸ್ ರೂಮಿಗೆ ಕರೆಸಿ, ಒಬ್ಬರಾದ ಮೇಲೆ ಒಬ್ಬರು ಹೇಳಿ ಎನ್ನುತ್ತಿದ್ದರು. ಅಜ್ಜಿ ಹೊಸ ಹಂಡೆ ಬೇಕು ಎಂದರೆ, "ವಾಯಿದೆ" ಎನ್ನುತ್ತಿದ್ದರು. ಅಪ್ಪ ಕಾಗದ ಬರೆದು ಮಳೆಗೆ ಮೊದಲು ಹೆಂಚು ಕೈಯಾಡಿಸೋಣವೇ ಎಂದು ಕೇಳಿದರೂ ವಾಯಿದೆ. ಯಾವುದನ್ನೂ ಇಲ್ಲ ಎನ್ನುತ್ತಿರಲಿಲ್ಲ, ಮುಂದಕ್ಕೆ ಹಾಕುತ್ತಿದ್ದರು ಅಷ್ಟೆ. ಇಡೀ ಜೀವಮಾನ ಕೋರ್ಟಿನಲ್ಲಿ ಕಳೆದವರಿಗೆ ಪ್ರತಿಯೊಂದಕ್ಕೂ ಮುಂದಿನ ತಾರೀಖು ಅಂತ ಒಂದು ಇದ್ದೇ ಇರುತ್ತದೆ ಎಂಬ ನಂಬಿಕೆ. "ಇವರ ಜೊತೆ ಸಂಸಾರ ಮಾಡೋ ಬದ್ಲು ಕಚೇರಿ ಮೆಟ್ಲು ಹತ್ತಬಹುದಿತ್ತು," ಎಂದು ಅಜ್ಜಿ ಒಲೆ ಊದುತ್ತ ಗೊಣಗುತ್ತಿದ್ದಳು.

ವಾರಕ್ಕೊಂದು ದಿನ ದೊಡ್ಡಜ್ಜ ಬರುತ್ತಿದ್ದ. ದೊಡ್ಡಜ್ಜ ಎಂದರೆ ತಾತನ ಒಡಹುಟ್ಟಿದ ಅಣ್ಣ. ಕಡಕೊಳದಿಂದ ಆಚೆ ನಮ್ಮ ಮೂಲದ ಊರು. ಹೊಲ, ಎಲೆತೋಟ ಎಲ್ಲ ಅವನೇ ನೋಡಿಕೊಳ್ಳುತ್ತಿದ್ದ. ವೀಳ್ಯದೆಲೆಯ ಪೆಂಡಿ ಹೊತ್ತು ಬೆಳಗಿನ ರೈಲಿಗೆ ಬಂದು, ಮಾರ್ಕೆಟ್ಟಿಗೆ ಹಾಕಿ, ವಾಪಸು ಹೋಗುವ ರೈಲಿಗೆ ಇನ್ನೂ ಹೊತ್ತಿದೆ ಎಂದು ನಮ್ಮ ಮನೆಗೆ ನಡೆದು ಬರುತ್ತಿದ್ದ. ಚಾಮರಾಜಪುರಂ ಸ್ಟೇಷನ್ನು ನಮ್ಮ ಮನೆಗೆ ಹತ್ತಿರ. ಬಂದವನು ಕಾಲು ತೊಳೆದು ಜಗಲಿಯ ಆ ತುದಿಯ ಕಂಬಕ್ಕೆ ಒರಗಿ ಕೂರುತ್ತಿದ್ದ. ಅವನು ಬಂದ ಸದ್ದು ಕೇಳಿ ತಾತ ಎದ್ದು ಬಂದು ಈ ತುದಿಯ ಕಂಬಕ್ಕೆ ಒರಗಿ ಕೂರುತ್ತಿದ್ದರು. ಆಮೇಲೆ ನನ್ನ ಕೂಗು. ಯಾಕೆಂದರೆ ಅಣ್ಣ ತಮ್ಮ ಮಾತು ಬಿಟ್ಟು ಎಷ್ಟೋ ವರ್ಷವಾಗಿತ್ತು.

"ಮಗ, ಉಬ್ಬಸ ಎಂಗದೆ ಅಂತ ಕೇಳು."

ತಾತನಿಗೆ ಕಿವಿ ಚೆನ್ನಾಗಿಯೇ ಕೇಳಿಸುತ್ತಿತ್ತು. ಆದರೂ ನಾನು ಈ ಕಡೆ ತಿರುಗಿ ಹೇಳಬೇಕು.

"ತಾತ, ಉಬ್ಬಸ ಹೆಂಗಿದೆ ಅಂತೆ."

"ಪರವಾಗಿಲ್ಲ ಅಂತ ಹೇಳಮ್ಮ."

"ದೊಡ್ಡಜ್ಜ, ಪರವಾಗಿಲ್ವಂತೆ."

"ಪರವಾಗಿಲ್ದೋನು ಹಿಂಗೆ ಸಿಳ್ಳೆ ಹಾಕ್ದಂಗೆ ಉಸ್ರು ಬುಡ್ತಾನಾ ಅಂತ ಕೇಳು. ಆಡುಸೋಗೆ ಕಷಾಯ ಕುಡೀತಾವ್ನಾ ಅಂತ್ಲೂ ಕೇಳು."

ಅಜ್ಜಿಯಾದರೂ ಈ ಕೆಲಸ ಮಾಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಆಗುವ ಹಾಗಿರಲಿಲ್ಲ. ದೊಡ್ಡಜ್ಜ ಅವಳಿಗೆ ಬಾವ, ಗಂಡನ ಅಣ್ಣ. ನಮ್ಮ ಕಡೆ ಆ ಕಾಲದ ಹೆಂಗಸರು ಬಾವನ ಎದುರಿಗೆ ನಿಲ್ಲುತ್ತಿರಲಿಲ್ಲ, ನೇರವಾಗಿ ಒಂದು ಮಾತೂ ಆಡುತ್ತಿರಲಿಲ್ಲ. ಮದುವೆಯಾಗಿ ಬಂದಂದಿನಿಂದ ಅಜ್ಜಿ ಆ ಮನುಷ್ಯನ ಮುಖವನ್ನು ಸರಿಯಾಗಿ ನೋಡಿರಲೂ ಇಲ್ಲ. ಅವನು ಬಂದರೆ ತಲೆ ತುಂಬ ಸೆರಗು ಹೊದ್ದು ಬಾಗಿಲ ಹಿಂದೆ ನಿಲ್ಲುವಳು. ಅಡುಗೆ ಆಯಿತು ಎಂದರೆ ಸೌಟಿನಿಂದ ಪಾತ್ರೆಯ ಕಂಠ ಬಡಿಯುವಳು. "ಸಾವಿ, ಬಾವನೋರಿಗೆ ಇನ್ನೊಂದು ಮುದ್ದೆ ಬೇಕಾ ಕೇಳೇ," ಎಂದು ಒಳಗಿಂದಲೇ ಕೂಗುವಳು. ಒಬ್ಬರಿಗೆ ಸಿಟ್ಟಿನಿಂದ ಮಾತಿಲ್ಲ, ಇನ್ನೊಬ್ಬರಿಗೆ ಮರ್ಯಾದೆಯಿಂದ ಮಾತಿಲ್ಲ, ಸಾಯಬೇಕಾದವಳು ನಾನು! ಒಂದೊಂದು ಸಲ ರೇಗಿಹೋಗಿ, "ನೀವ್ ನೀವೇ ಹೇಳ್ಕೊಳ್ಳಿ" ಎಂದು ಕುಂಟೆಬಿಲ್ಲೆ ಆಡಲು ಓಡಿಬಿಡುತ್ತಿದ್ದೆ. ವಾಪಸು ಬಂದು ನೋಡಿದರೆ ಇಬ್ಬರೂ ಅದೇ ಕಂಬಗಳಿಗೆ ಒರಗಿಕೊಂಡು ರಸ್ತೆ ನೋಡುತ್ತ ಕುಳಿತಿರುತ್ತಿದ್ದರು. ಎದ್ದು ಹೋಗುತ್ತಲೂ ಇರಲಿಲ್ಲ, ಮಾತಾಡುತ್ತಲೂ ಇರಲಿಲ್ಲ.

ಮಾತು ಬಿಟ್ಟ ಕಾರಣವನ್ನು ನಾನು ಎರಡು ಕಡೆಯಿಂದಲೂ ಕೇಳಿದ್ದೇನೆ. ನಮ್ಮ ಊರಿನಲ್ಲಿ ಒಬ್ಬ ವಿಧವೆಯ ಹೊಲಕ್ಕೆ ಹೋಗುವ ದಾರಿಯನ್ನು ಪಕ್ಕದವನು ಮುಳ್ಳುಬೇಲಿ ಹಾಕಿ ಮುಚ್ಚಿದ್ದ. ಆಕೆಯ ಪರವಾಗಿ ತಾತ ನಿಂತರು. ಬೇಲಿ ಹಾಕಿದವನು ದೊಡ್ಡಜ್ಜನ ಸ್ನೇಹಿತ. ಅಲ್ಲಿ ಯಾವತ್ತೂ ದಾರಿ ಇರಲಿಲ್ಲ ಎಂದು ಸಾಕ್ಷಿ ಹೇಳಲು ಅವನು ದೊಡ್ಡಜ್ಜನನ್ನೇ ಕರೆತಂದ. ಯಾರೋ ಬರೆದುಕೊಟ್ಟ ಹೇಳಿಕೆಗೆ ದೊಡ್ಡಜ್ಜ ಹೆಬ್ಬೆಟ್ಟು ಒತ್ತಿದ್ದ. ಸ್ವಂತ ಅಣ್ಣ ಕಟಕಟೆಯಲ್ಲಿ ನಿಂತಿದ್ದಾನೆ, ಸ್ವಂತ ತಮ್ಮ ಪಾಟೀಸವಾಲಿಗೆ ಎದ್ದಿದ್ದಾರೆ. ತಾತ ಕೇಳಿದ ಮೊದಲನೇ ಪ್ರಶ್ನೆ, "ಸಾಕ್ಷಿದಾರರೇ, ನಿಮಗೆ ಓದು ಬರಹ ಬರುತ್ತದೆಯೇ?" ಎಂದು. ಊರಿನವರೆಲ್ಲ ಹಿಂದೆ ನಿಂತಿದ್ದರು. ದೊಡ್ಡಜ್ಜ ಬರುವುದಿಲ್ಲ ಎಂದ. ಹಾಗಾದರೆ ಈ ಹೇಳಿಕೆಯಲ್ಲಿ ಏನಿದೆ ಎಂದು ನಿಮಗೆ ಗೊತ್ತಿಲ್ಲ ಎಂದರು ತಾತ. ಯಾರೋ ಕಿಸಕ್ಕನೆ ನಕ್ಕರು. ವಿಧವೆಗೆ ದಾರಿ ಸಿಕ್ಕಿತು.

"ಆ ಪ್ರಶ್ನೆ ಕೇಳದೆ ಇದ್ದಿದ್ರೆ ಕೇಸು ಬಿದ್ದುಹೋಗ್ತಿತ್ತು ಕಣಮ್ಮ," ಎನ್ನುತ್ತಿದ್ದರು ತಾತ. "ಆ ಹೆಣ್ಣುಮಗಳು ಏನ್ಮಾಡಬೇಕಿತ್ತು?"

ದೊಡ್ಡಜ್ಜ ಹೇಳುತ್ತಿದ್ದದ್ದೇ ಬೇರೆ. "ಕೇಸ್ ಗೆಲ್ಲೋದ್ ಬೇಡ ಅಂದ್ನಾ ನಾನು? ನಮ್ಮಪ್ಪ ಸತ್ತಾಗ ಇಬ್ರಲ್ಲಿ ಒಬ್ರು ಇಸ್ಕೂಲ್ ಬುಡ್ಬೇಕಾಗಿತ್ತು. ನಾನ್ ಬುಟ್ಟೆ. ಇವ್ನು ಹೋದ. ನನಗೆ ಓದೋಕ್ ಯಾಕ್ ಬರಾಕಿಲ್ಲ ಅನ್ನೋದು ಭೂಮಿ ಮ್ಯಾಲೆ ಯಾರ್ಗಾದ್ರೂ ಗೊತ್ತಿದ್ರೆ ಇವ್ನಿಗ್ ಗೊತ್ತು. ಇವ್ನೇ ಕೇಳ್ಬುಟ್ಟ ಕಣ್ ಮಗ, ಅಷ್ಟು ಜನ್ರ ಮುಂದೆ."

ಇಬ್ಬರ ಮಾತನ್ನೂ ಕೇಳಿ ನನಗೆ ಇಬ್ಬರೂ ಸರಿ ಅನ್ನಿಸುತ್ತಿತ್ತು. ಈಗಲೂ ಹಾಗೇ ಅನ್ನಿಸುತ್ತದೆ. ಅಣ್ಣ ಓದು ಬಿಟ್ಟದ್ದು ತಾತನಿಗೆ ಮೊದಲಿನಿಂದಲೂ ಒಳಗೊಳಗೇ ಕೊರೆಯುತ್ತಿತ್ತು ಎಂಬುದಂತೂ ನಿಜ. ವಕೀಲಿಕೆ ಶುರು ಮಾಡಿದ ಹೊಸದರಲ್ಲೇ ಅವರು ತಮ್ಮ ಪಾಲಿನ ಹೊಲ, ತೋಟ ಎಲ್ಲವನ್ನೂ ಅಣ್ಣನ ಹೆಸರಿಗೆ ಬಿಟ್ಟುಕೊಟ್ಟಿದ್ದರು. ನನಗಾಗಿ ಓದು ಬಿಟ್ಟವನು, ನೆಲವಾದರೂ ಪೂರ್ತಿ ಅವನಿಗಿರಲಿ ಎಂದು. ಅದೇ ಆಮೇಲೆ ಅವರ ಕುತ್ತಿಗೆಗೆ ಬಂತು.

ಆ ವರ್ಷ ವೈಶಾಖದಲ್ಲಿ ಗೂರಲು ಜಾಸ್ತಿಯಾಯಿತು. ಡಾಕ್ಟರು ಬಂದು ನೋಡಿ ಅಜ್ಜಿಯ ಹತ್ತಿರ ಏನೋ ಮೆಲ್ಲಗೆ ಹೇಳಿ ಹೋದರು. ತಾತ ಒರಗುಕುರ್ಚಿಯಲ್ಲೇ ಮಲಗುವುದು, ಅಲ್ಲೇ ಏಳುವುದು. ಅವರು ಉಸಿರೆಳೆಯುವ ಸದ್ದು ಮನೆಯ ಯಾವ ಮೂಲೆಯಲ್ಲಿದ್ದರೂ ಕೇಳಿಸುತ್ತಿತ್ತು. ಒಂದು ಸಂಜೆ ಅಜ್ಜಿ ಅವರ ಎದೆಗೆ ಎಣ್ಣೆ ತಿಕ್ಕುತ್ತಿದ್ದಳು. ನಾನು ಕೆಳಗೆ ಕೂತು ಲೆಕ್ಕ ಮಾಡುತ್ತಿದ್ದೆ.

"ನನ್ನನ್ನ ಅವ್ವನ ಪಕ್ಕ ಹಾಕಿದ್ರೆ ಚೆನ್ನಾಗಿತ್ತು," ಎಂದರು ತಾತ.

ಅವ್ವ ಎಂದರೆ ಅವರ ತಾಯಿ. ಊರಿನ ಹೊಲದ ಅಂಚಿನಲ್ಲಿ ಒಂದು ಹೊಂಗೆ ಮರದ ಕೆಳಗೆ ಆಕೆಯ ಸಮಾಧಿ, ತಲೆಯ ಹತ್ತಿರ ಒಂದು ಕಲ್ಲು. ನಮ್ಮವರನ್ನು ಸುಡುವುದಿಲ್ಲ, ನೆಲದಲ್ಲಿ ಹೂಳುತ್ತಾರೆ, ಅದೂ ಸ್ವಂತ ಹೊಲದಲ್ಲಿ.

"ಕೆಟ್ಟ ಮಾತು ಯಾಕಾಡ್ತೀರಿ," ಎಂದು ಅಜ್ಜಿ ಗದರಿದಳು. ಸ್ವಲ್ಪ ಹೊತ್ತಾದ ಮೇಲೆ ಅವಳೇ, "ಬಾವನೋರ್ನ ಕೇಳಿ," ಎಂದಳು.

"ಹೆಂಗೆ ಕೇಳ್ಲಿ? ಆ ನೆಲದ ಮೇಲೆ ನನಗೆ ಹಕ್ಕಿಲ್ಲ. ನಾನೇ ಬರೆದುಕೊಟ್ಟಿದ್ದೀನಿ."

"ಅಯ್ಯೋ ನಿಮ್ಮ! ಅಣ್ಣನ್ನ ಕೇಳೋಕೆ ಹಕ್ಕು ಯಾಕ್ರೀ ಬೇಕು? ಬಾಯಿ ಇದ್ರೆ ಸಾಲ್ದಾ?"

"ನಿನಗದು ಅರ್ಥ ಆಗಲ್ಲ ಸುಮ್ನಿರು. ಹಕ್ಕಿಲ್ಲದೆ ಕೇಳಿದ್ರೆ ಅದು ಭಿಕ್ಷೆ. ಕೊಟ್ಟದ್ದನ್ನ ವಾಪಸು ಕೇಳಿದ ಹಂಗೂ ಆಗುತ್ತೆ. ನೋಡೋಣ, ಮುಂದಿನ ಸಲ ಬಂದಾಗ."

ಮುಂದಿನ ಸಲ ದೊಡ್ಡಜ್ಜ ಬಂದಾಗ ತಾತ ನನ್ನ ಹೆಗಲು ಹಿಡಿದುಕೊಂಡು ಜಗಲಿಗೆ ಬಂದರು. ಕೂತರು. ಮಳೆ ಬಂತೇ ಎಂದು ಕೇಳಿಸಿದರು. ಎತ್ತು ಹೇಗಿವೆ ಎಂದು ಕೇಳಿಸಿದರು. ನಾನು ಒಳಗೊಳಗೇ, ಈಗ ಕೇಳುತ್ತಾರೆ, ಈಗ ಕೇಳುತ್ತಾರೆ ಎಂದು ಕಾದೆ. ಕೇಳಲಿಲ್ಲ. ಅದರ ಮುಂದಿನ ವಾರವೂ ಹಾಗೇ ಆಯಿತು. ಬಾಗಿಲ ಹಿಂದೆ ಅಜ್ಜಿ ಬಳೆ ಅಲ್ಲಾಡಿಸಿ ಅಲ್ಲಾಡಿಸಿ ಸುಸ್ತಾದಳು. ಇನ್ನೇನು ಬಿತ್ತನೆ ಶುರುವಾಗಬೇಕು, ಮುಂದಿನ ಕೆಲವು ವಾರ ನಾನು ಬರುವುದಿಲ್ಲ ಎಂದು ದೊಡ್ಡಜ್ಜ ನನ್ನ ಕೈಲಿ ಹೇಳಿಸಿದ ದಿನ ತಾತ ಕೊನೆಗೆ ಬಾಯಿ ತೆರೆದರು.

"ಅವ್ವನ ಕಲ್ಲು ಹೆಂಗಿದೆ ಅಂತ ಕೇಳಮ್ಮ."

ನಾನು ಕೇಳಿದೆ. ದೊಡ್ಡಜ್ಜ ತಟ್ಟನೆ ತಲೆಯೆತ್ತಿ ತಾತನ ಕಡೆ ನೋಡಿದ. ಅವನು ಹಾಗೆ ನೇರವಾಗಿ ನೋಡಿದ್ದನ್ನು ನಾನು ಅದೇ ಮೊದಲು ಕಂಡದ್ದು. ತಾತ ರಸ್ತೆ ನೋಡುತ್ತಿದ್ದರು.

"ಚೆನ್ನಾಗೈತೆ ಅಂತ ಹೇಳು," ಎಂದ ದೊಡ್ಡಜ್ಜ. ಸ್ವಲ್ಪ ತಡೆದು, "ಇನ್ನೇನಾದ್ರೂ ಕೇಳೋದದಾ ಅಂತ ಕೇಳು," ಎಂದ.

"ಇಲ್ಲ ಅಂತ ಹೇಳಮ್ಮ," ಎಂದರು ತಾತ.

ಆ ಮಾತನ್ನು ಹೇಳುವಾಗ ನನಗೆ ಅಳು ಬಂತು. ಊರವರಿಗೆಲ್ಲ ನೆಲ ಕೊಡಿಸಿದ ಮನುಷ್ಯ, ಅಷ್ಟು ಜನ ಜಡ್ಜುಗಳ ಮುಂದೆ ಗಂಟಲು ಹರಿಯುವಂತೆ ವಾದ ಮಾಡಿದ ಮನುಷ್ಯ, ತನಗಾಗಿ ಒಂದು ಮಾತು ಕೇಳಲಾರದೆ ಕೂತಿದ್ದಾರಲ್ಲ ಎಂದು. ದೊಡ್ಡಜ್ಜ ಎದ್ದು ಟವಲು ಕೊಡವಿ ಸ್ಟೇಷನ್ನಿಗೆ ಹೊರಟ. ಅವತ್ತು ಅಜ್ಜಿ ತಾತನಿಗೆ ಕಾಫಿ ಕೊಟ್ಟಾಗ ಲೋಟವನ್ನು ಕುಕ್ಕಿದ ರಭಸಕ್ಕೆ ಅರ್ಧ ಕಾಫಿ ನೆಲದಲ್ಲಿತ್ತು.

ಗೌರಿ ಹಬ್ಬ ಕಳೆದ ಮೇಲೆ ತಾತ ತೀರಾ ಇಳಿದುಹೋದರು. ತಂತಿ ಕೊಟ್ಟು ಅಪ್ಪನನ್ನು ಕರೆಸಿದೆವು, ನನ್ನ ಅವ್ವನೂ ತಂಗಿಯನ್ನು ಎತ್ತಿಕೊಂಡು ಬಂದಳು. ಒಂದು ಬೆಳಿಗ್ಗೆ ನಡುಮನೆಯಲ್ಲಿ ಅಜ್ಜಿ ನನಗೆ ಜಡೆ ಹಾಕುತ್ತಿದ್ದಳು. ಒರಗುಕುರ್ಚಿಯ ಕಡೆಯಿಂದ ಉಸಿರಿನ ಸದ್ದು ಬರುತ್ತಲೇ ಇತ್ತು. ಆಮೇಲೆ ಬರಲಿಲ್ಲ. ಜಡೆಯಲ್ಲಿದ್ದ ಅಜ್ಜಿಯ ಕೈ ಹಾಗೇ ನಿಂತಿತು. ಅವಳು ತಕ್ಷಣ ಏಳಲಿಲ್ಲ, ಇನ್ನೊಂದು ಉಸಿರು ಬರುತ್ತದೇನೋ ಎಂದು ಕಾದಳು. ಹೊರಗೆ ಹಾಲಿನವನು ಸೈಕಲ್ ಬೆಲ್ಲು ಮಾಡಿಕೊಂಡು ಹೋದ. ಅದಾದ ಮೇಲೆಯೇ ಅವಳು ಎದ್ದದ್ದು.

ಊರಿಗೆ ಸುದ್ದಿ ಮುಟ್ಟಿಸಲು ಬೆಳಗಿನ ರೈಲಿಗೇ ಪಕ್ಕದ ಮನೆಯವರು ಹೋದರು. ಜಗಲಿಯಲ್ಲಿ ತಾತನನ್ನು ಮಲಗಿಸಿದ್ದರು. ಕೋರ್ಟಿನ ಸ್ನೇಹಿತರು ಬಂದು ಹಾರ ಹಾಕಿ ಅಂಗಳದಲ್ಲಿ ನಿಂತಿದ್ದರು. ಅಪ್ಪ ಒಳಗೆ ಬಂದು, ಮೈಸೂರಿನಲ್ಲೇ ಮಣ್ಣು ಮಾಡೋಣ, ಜಾಗಕ್ಕೆ ಹೇಳಿದ್ದೇನೆ ಎಂದರು.

"ನಿಮ್ಮಪ್ಪನಿಗೆ ಅದು ಇಷ್ಟ ಇರ್ಲಿಲ್ಲ ಕಣೋ," ಎಂದಳು ಅಜ್ಜಿ.

"ಅಪ್ಪ ಬದುಕಿದ್ದಾಗ ಕೇಳದೆ ಇದ್ದದ್ದನ್ನ ನಾನು ಯಾವ ಮುಖ ಇಟ್ಕೊಂಡು ಕೇಳ್ಲಿ ಅವ್ವ? ದೊಡ್ಡಪ್ಪ ಇಲ್ಲ ಅಂದ್ಬುಟ್ರೆ?"

ಅಷ್ಟರಲ್ಲಿ ಊರಿನವರು ಬಂದರು. ದೊಡ್ಡಜ್ಜ ಎಲ್ಲರಿಗಿಂತ ಹಿಂದೆ ಇದ್ದ. ಬಂದವನು ತಮ್ಮನ ಕಾಲ ಹತ್ತಿರ ಒಂದು ಗಳಿಗೆ ನಿಂತು, ಆಮೇಲೆ ಹೋಗಿ ಆ ತುದಿಯ ಕಂಬಕ್ಕೇ ಒರಗಿ ಕೂತ. ಟವಲನ್ನು ಬಾಯಿಗೆ ಒತ್ತಿಕೊಂಡಿದ್ದ. ನನ್ನನ್ನು ಕಣ್ಣಲ್ಲೇ ಕರೆದ.

"ಎಲ್ಲಿಗಂತೆ ಕೇಳ್ಕೊಂಡ್ ಬಾ ಮಗ."

ನಾನು ಒಳಗೆ ಹೋಗಿ ಕೇಳಿದೆ. ಇಲ್ಲೇ ಎಂದು ಹೇಳು ಎಂದರು ಅಪ್ಪ. ಬಂದು ಹೇಳಿದೆ. ದೊಡ್ಡಜ್ಜ ಹೂಂ ಎಂದ. ಅವನಿಗೆ ಸಿಟ್ಟು, ಅಪ್ಪನಿಗೆ ಸಂಕೋಚ, ತಾತ ಮಾತ್ರ ಮಧ್ಯದಲ್ಲಿ ಮಲಗಿದ್ದಾರೆ. ಆಗ ನಡುಮನೆಯಲ್ಲಿ ಹೆಂಗಸರ ಮಧ್ಯೆ ಕೂತಿದ್ದ ಅಜ್ಜಿ ಎದ್ದಳು. ಎಲ್ಲಿಗೆ ಹೊರಟಳು ಎಂದು ಯಾರಿಗೂ ಹೊಳೆಯಲಿಲ್ಲ. ಹೊಸಲು ದಾಟಿ ಜಗಲಿಗೆ ಬಂದು ನೇರವಾಗಿ ಆ ಕಂಬದ ಮುಂದೆ ನಿಂತಳು. ತಲೆಯ ಮೇಲೆ ಸೆರಗಿರಲಿಲ್ಲ.

"ಬಾವ," ಎಂದಳು.

ಊರಿನ ಮುದುಕಿಯೊಬ್ಬಳು "ಅಯ್ಯಯ್ಯೋ" ಎಂದು ಬಾಯಿಗೆ ಕೈ ಇಟ್ಟುಕೊಂಡಳು. ದೊಡ್ಡಜ್ಜ ಗಡಬಡಿಸಿ ಎದ್ದು ಮುಖ ಆ ಕಡೆ ತಿರುಗಿಸಿಕೊಂಡ.

"ಸಾವಿ, ಏನಂತೆ ಕೇಳು ಮಗ."

"ಅವ್ಳೇನೂ ಕೇಳ್ಬೇಕಾಗಿಲ್ಲ. ನಾನೇ ಹೇಳ್ತೀನಿ, ನೀವೇ ಕೇಳಿಸ್ಕೊಳ್ಳಿ. ನಿಮ್ ತಮ್ಮಂಗೆ ಅವ್ವನ ಪಕ್ಕ ಜಾಗ ಬೇಕಾಗಿತ್ತು. ವೈಶಾಖದಿಂದ ಅದೇ ಜಪ ಮಾಡ್ತಿದ್ರು. ನಿಮ್ಮುನ್ನ ಕೇಳೋಕೆ ಬಾಯಿ ಬರ್ಲಿಲ್ಲ ಅವ್ರಿಗೆ. ಈಗ ನಾನ್ ಕೇಳ್ತಾ ಇವ್ನಿ. ಕೊಡ್ತೀರೋ ಇಲ್ವೋ, ನನ್ ಮುಖ ನೋಡ್ಕಂಡು ಹೇಳ್ಬುಡಿ."

ದೊಡ್ಡಜ್ಜ ನಿಧಾನವಾಗಿ ತಿರುಗಿದ. ಅವಳ ಮುಖ ನೋಡಿದ. ಕೊನೆಗೆ ಅಪ್ಪನ ಕಡೆ ಕೈ ಮಾಡಿ, "ಲಾರಿ ತರ್ಸು ಕಣ್ಲಾ," ಎಂದಷ್ಟೇ ಹೇಳಿದ.

ಕೋರ್ಟಿನ ಸ್ನೇಹಿತರೊಬ್ಬರು ಯಾರದೋ ಲಾರಿ ಗೊತ್ತು ಮಾಡಿಕೊಟ್ಟರು. ನಂಜನಗೂಡಿನ ರಸ್ತೆಯ ಉದ್ದಕ್ಕೂ ದೊಡ್ಡಜ್ಜ ತಮ್ಮನ ತಲೆಯ ಹತ್ತಿರ ಕೂತು, ಲಾರಿ ಕುಲುಕಿದಾಗಲೆಲ್ಲ ಎರಡೂ ಕೈಯಲ್ಲಿ ತಲೆ ಹಿಡಿದುಕೊಳ್ಳುತ್ತಿದ್ದ. ಅಜ್ಜಿ ಎದುರಿಗೆ ಕೂತಿದ್ದಳು. ಕಡಕೊಳ ದಾಟಿ ಊರು ಸೇರಿ, ಅಲ್ಲಿಂದ ಹೆಗಲ ಮೇಲೆ ಹೊತ್ತು ಹೊಲಕ್ಕೆ ಹೋದೆವು. ಆ ವರ್ಷ ಮಳೆ ಚೆನ್ನಾಗಿತ್ತು. ಬದುವಿನಿಂದ ಬದುವಿಗೆ ಮೊಣಕಾಲೆತ್ತರ ರಾಗಿ ಬೆಳೆದಿತ್ತು. ಗುಂಡಿ ತೋಡುವುದಕ್ಕೆ ಬೆಳೆ ಕೊಯ್ಯಬೇಕಲ್ಲ ಎಂದು ಅಪ್ಪ ಯಾರನ್ನೋ ಕುಡುಗೋಲು ತರಲು ಕಳಿಸುತ್ತಿದ್ದರು. ದೊಡ್ಡಜ್ಜ ಬೇಡ ಎಂದು ಮುಂದೆ ನಡೆದ.

ಹೊಂಗೆ ಮರದ ಕೆಳಗೆ ಅವ್ವನ ಕಲ್ಲು. ಅದರ ಒಂದು ಪಕ್ಕಕ್ಕೆ ಬದು. ಇನ್ನೊಂದು ಪಕ್ಕದಲ್ಲಿ ಒಬ್ಬ ಮನುಷ್ಯ ಮಲಗುವಷ್ಟು ನೆಲ, ಒಂದು ಪೈರೂ ಇಲ್ಲದೆ, ಒಂದು ಕಳೆಯೂ ಇಲ್ಲದೆ ಬರಿದಾಗಿ ಕಾಣುತ್ತಿತ್ತು. ಸುತ್ತ ಮೂರು ಕಡೆಯೂ ರಾಗಿ ಹಸಿರಾಗಿ ನಿಂತಿತ್ತು. ಹಾರೆ ಹಿಡಿದು ಬಂದವರಿಗೆ ಯಾರೂ ಜಾಗ ತೋರಿಸಬೇಕಾಗಲಿಲ್ಲ.

ಅಜ್ಜಿ ಆ ನೆಲವನ್ನೇ ನೋಡುತ್ತ ನಿಂತಳು.

"ಇದುನ್ನ ಯಾವಾಗ ಬುಟ್ರಿ ಬಾವ?"

"ಬಿತ್ತನೆ ದಿನ. ಅವ್ವನ ಕಲ್ಲು ಎಂಗದೆ ಅಂತ ಕೇಳ್ದಾಗ್ಲೇ ನಂಗೆ ತಿಳೀತು ಕಣವ್ವ."

"ಆಗ ಇನ್ನೂ ಓಡಾಡ್ತಿದ್ರಲ್ಲ ಬಾವ ಅವ್ರು! ಒಂದ್ ಮಾತು ಹೇಳ್ಬಾರ್ದಾಗಿತ್ತಾ? ನೆಮ್ಮದಿಯಾಗಿ ಕಣ್ಮುಚ್ಚೋರಲ್ಲ!"

"ಬಾಯ್ಬುಟ್ಟು ಕೇಳ್ಲಿ ಅಂತ ಕಾದೆ. ಬೇರೇನೂ ಬೇಕಿರ್ಲಿಲ್ಲ ನಂಗೆ. ಅಣ್ಣ, ಅಂತ ಒಂದ್ ಸಲ ಅಂದಿದ್ರೆ ಸಾಕಿತ್ತು."

"ಈ ನೆಲದಲ್ಲಿ ಹಕ್ಕಿಲ್ಲ, ಎಂಗೆ ಕೇಳ್ಲಿ ಅಂತಿದ್ರು."

"ಹಕ್ಕಾ?" ಎಂದ ದೊಡ್ಡಜ್ಜ. ರಾಗಿಯ ಪೈರಿನ ಮೇಲೆಯೇ ಕುಕ್ಕರಿಸಿದ. ಚಟ್ಟ ಅವನ ಪಕ್ಕದಲ್ಲೇ ಇತ್ತು. ತಮ್ಮನ ಮುಖದ ಮೇಲಿನ ಬಟ್ಟೆ ಸರಿಸಿ, ಕೆನ್ನೆ ಹಿಡಿದು, ಊರೆಲ್ಲ ಕೇಳುವ ಹಾಗೆ ಕೂಗಿದ.

"ಲೋ ಚಿಕ್ಕು! ಅವ್ವ ಕಳೆ ಕೀಳುವಾಗ ನಿನ್ನ ಸೊಂಟದ ಮೇಲೆ ಕೂರಿಸ್ಕಂಡು ಈ ಹೊಲ್ವೆಲ್ಲಾ ತಿರುಗ್ದೋನು ನಾನು ಕಣೋ. ನನ್ನತ್ರ ಹಕ್ಕಿನ್ ಮಾತಾಡ್ತೀಯೇನೋ? ಅಷ್ಟೊಂದು ಓದಿ ಇಷ್ಟು ತಿಳೀಲಿಲ್ವೇನೋ ನಿನಗೆ, ದಡ್ಡ ಮುಂಡೇದೆ!"

ಅಪ್ಪ ಗಾಬರಿಯಾಗಿ ಅವನನ್ನು ಎಬ್ಬಿಸಲು ಹೋದರು. ಅಜ್ಜಿ ಅಪ್ಪನ ಕೈ ಹಿಡಿದು ತಡೆದಳು. ಬಂದು ಬಾವನ ಪಕ್ಕದಲ್ಲೇ ನೆಲದ ಮೇಲೆ ಕೂತಳು.

"ಬೈಯ್ಲಿ ಬುಡೋ," ಎಂದಳು. "ಇಷ್ಟು ವರ್ಷ ಅದುಕ್ಕೇ ಕಾಯ್ಕೊಂಡ್ ಕೂತಿದ್ರು ನಿಮ್ಮಪ್ಪ."